ಪ್ಲಸ್ಸು ಮೈನಸ್ಸು ಅದಲುಬದಲು
ಆಟೋಮ್ಯಾಟಿಕ್ ಕಾರಿನ ಮ್ಯಾನುವಲ್ ಮೋಡ್‌ನಲ್ಲಿ ಎಷ್ಟೋ ಕಂಪನಿಗಳು ಲಿವರ್ ಮುಂದೆ ತಳ್ಳಿದರೆ ಗೇರ್ ಏರುವ ಹಾಗೆ ಇಟ್ಟಿವೆ. ಬಿಎಂಡಬ್ಲ್ಯೂ, ಮಾಜ್ದಾದಲ್ಲಿ ಉಲ್ಟಾ. ನನಗೆ ಅದೇ ಸರಿ ಅನ್ಸುತ್ತೆ: ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ವಾಲುತ್ತೆ, ಆಗ ಬೇಕಾಗೋದು ಕೆಳಗಿನ ಗೇರ್ ತಾನೇ?

ಲಿವರ್ ಬುಡದಲ್ಲಿ ಎರಡು ಸಾದಾ ಸ್ವಿಚ್ ಇದ್ದರೆ, ಅವುಗಳ ಸಿಗ್ನಲ್ ವೈರ್ ಅದಲುಬದಲು ಮಾಡಿದರೆ ಸಾಕು. ಸ್ವಿಚ್ ಗೇರ್ ಬದಲಿಸಲ್ಲ, ಕೇಳಿಕೊಳ್ಳುತ್ತೆ ಅಷ್ಟೇ. ತೀರ್ಮಾನ ಟ್ರಾನ್ಸ್‌ಮಿಷನ್ ಕಂಟ್ರೋಲ್ ಯೂನಿಟ್‌ದು. ಆರ್‌ಪಿಎಂ ಮಿತಿ ಮೀರುವಂತಿದ್ದರೆ ಅದು ಸಾಮಾನ್ಯವಾಗಿ ಗೇರ್ ಇಳಿಸೋದೇ ಇಲ್ಲ. ಎಂಜಿನ್ ಬಚಾವ್.

ಅಪಾಯ ಇರೋದು ಬೇರೆ ಕಡೆ. ಲಿವರ್ ಪಕ್ಕದ ಗುರುತು ಹಳೆಯದೇ ಉಳಿದರೆ, ಘಾಟಿ ಇಳಿಯುವಾಗ ಅಪ್ಪ ಎಂಜಿನ್ ಬ್ರೇಕಿಂಗ್ ಸಿಗಲಿ ಅಂತ ಹಿಂದೆ ಎಳೀತಾರೆ. ಗೇರ್ ಏರಿ ಕಾರು ಇನ್ನೂ ಜೋರಾಗಿ ಇಳಿಯುತ್ತೆ. ಗುರುತನ್ನೂ ಬದಲಿಸಿ, ಮನೆಯವರಿಗೂ ತಿಳಿಸಿ.