ಕೂಡಿ ನಡೆಯುವ ಯಾತ್ರೆ: ಒಂದು ಅಭ್ಯಾಸಪಾಠ



ಯಾತ್ರೆಯೆಂದರೇನು ಎಂಬದನ್ನು ಪುಣೆಯಲ್ಲಿರುವ ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ವರುಷಕ್ಕೊಮ್ಮೆ ಆಳಂದಿಯಿಂದ ಜ್ಞಾನೇಶ್ವರರ ಪಾಲಖಿಯೂ ದೇಹೂವಿನಿಂದ ತುಕಾರಾಮರ ಪಾಲಖಿಯೂ ಬಂದು, ಒಂದು ಭವಾನಿ ಪೇಠೆಯಲ್ಲಿ, ಇನ್ನೊಂದು ನಾನಾ ಪೇಠೆಯಲ್ಲಿ ಇಳಿದುಕೊಂಡವೆಂದರೆ, ಪಾಳಿಗೆ ಹೋಗುವ ಬಸ್ಸುಗಳು ಕೂಡ ದಾರಿ ಬಿಟ್ಟುಕೊಡುತ್ತವೆ. ಪಂಢರಪುರದ ವಿಠ್ಠಲನನ್ನು ಜ್ಞಾನೇಶ್ವರರೇ ತಮ್ಮ ಒಂದು ಅಭಂಗದಲ್ಲಿ ಕನ್ನಡಿಗನೆಂದು ಕರೆದಿರುವದರಿಂದ ಆ ದಿಂಡಿಯಲ್ಲಿ ನಮಗೂ ಒಂದು ಪಾಲು ಉಂಟೆಂದು ನಮ್ಮ ವಾಚನಾಲಯದ ಹಿರಿಯರೊಬ್ಬರು ಪ್ರತಿ ಆಷಾಢದಲ್ಲಿಯೂ ತಪ್ಪದೆ ಹೇಳುತ್ತಾರೆ.

ಈ ಸಲ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಪತ್ರಿಕೆ ಮಡಚಿಟ್ಟು, "ನಿಮ್ಮ ಕ್ರಿಸ್ತರೊಳಗೂ ಹಿಂಗ ಕೂಡಿ ನಡಕೊಂಡು ಹೋಗೂದು ಐತೇನ್ರಿ? ಹೋದವರಿಗೆ ಏನ ಸಿಗತೈತಿ?" ಎಂದು ಕೇಳಿದರು. ಮೊದಲನೆಯ ಪ್ರಶ್ನೆಗೆ ನಿಂತಲ್ಲಿಯೇ ಉತ್ತರ ಕೊಟ್ಟೆವು. ಎರಡನೆಯದಕ್ಕೆ, "ಬರದು ಕೊಡತೇವ್ರಿ ಕಾಕಾ" ಎಂದೆವು. ಆ ಮಾತು ಉಳಿಸಿಕೊಳ್ಳುವ ಸಲುವಾಗಿ ಈ ಪಾಠ.

ಕ್ರೈಸ್ತ ಸಭೆಯಲ್ಲಿ ಯಾತ್ರೆಯ ರೂಢಿ ಬಹಳ ಹಳೆಯದು. ನಾಲ್ಕನೆಯ ಶತಮಾನದಲ್ಲಿಯೇ ಎಜೀರಿಯಾ ಎಂಬ ಹೆಣ್ಣುಮಗಳು ಯುರೋಪದ ಪಶ್ಚಿಮದ ತುದಿಯಿಂದ ಯೆರೂಸಲೇಮಿಗೆ ಹೋಗಿ, ಕಂಡದ್ದನ್ನೆಲ್ಲ ಊರಲ್ಲಿದ್ದ ತನ್ನ ಸೋದರಿಯರಿಗೆ ಬರೆದು ತಿಳಿಸಿದಳು. ಆ ಬರವಣಿಗೆಯ ಒಂದು ಭಾಗ ಇಂದಿಗೂ ಉಳಿದಿದೆ. ಸ್ಪೇನ್ ದೇಶದ ಸಾಂತಿಯಾಗೋ ಎಂಬಲ್ಲಿಗೆ ಜನ ಮಧ್ಯಯುಗದಿಂದಲೂ ನಡೆಯುತ್ತಿದ್ದಾರೆ. ಕಡೆಯ 100 ಕಿಲೋಮೀಟರನ್ನಾದರೂ ಕಾಲ್ನಡಿಗೆಯಿಂದ ಮುಗಿಸಿದವರಿಗೆ ಅಲ್ಲಿ ಒಂದು ಪ್ರಮಾಣಪತ್ರ ಕೊಡುತ್ತಾರೆ. ನಮ್ಮ ದೇಶದಲ್ಲಿ ಸಪ್ಟಂಬರ 8ರ ಹಬ್ಬಕ್ಕೆ ವೇಳಾಂಕಣ್ಣಿಗೆ ಹೋಗುವವರ ಸಾಲು ಎಲ್ಲರಿಗೂ ಗೊತ್ತು. ಕಾರ್ಕಳದ ಹತ್ತಿರದ ಅತ್ತೂರಿನ ಸಂತ ಲಾರೆನ್ಸರ ದೇವಾಲಯಕ್ಕೆ 2016ರಲ್ಲಿ ಬಸಿಲಿಕಾ ಎಂಬ ಪದವಿ ಬಂದಿತು. ಅಲ್ಲಿಯ ಜನವರಿಯ ಜಾತ್ರೆಯಲ್ಲಿ ಮೇಣದ ಬತ್ತಿ ಹಚ್ಚುವವರೊಳಗೆ ಎಲ್ಲ ಮತದವರೂ ಇರುತ್ತಾರೆ. ಹೋಗಲಾರದವರ ವ್ಯವಸ್ಥೆಯೂ ಉಂಟು. ಯಾವ ಕಥೊಲಿಕ ದೇವಾಲಯದಲ್ಲಿಯಾದರೂ ಗೋಡೆಯ ಮೇಲೆ ಸಾಲಾಗಿ 14 ಚಿತ್ರಗಳನ್ನು ನೋಡಿದ್ದೀರಾದರೆ, ಅದೇ ಶಿಲುಬೆಯ ಹಾದಿ. ಯೆರೂಸಲೇಮಿಗೆ ಹೋಗಲು ಹಣವೂ ಬಲವೂ ಇಲ್ಲದವನು ಚಿತ್ರದಿಂದ ಚಿತ್ರಕ್ಕೆ ಹೆಜ್ಜೆಯಿಟ್ಟು ಕ್ರಿಸ್ತನ ಕಡೆಯ ನಡಿಗೆಯನ್ನು ತಾನೂ ನಡೆಯುತ್ತಾನೆ.

ನಮ್ಮ ಬೆಳಗಾವಿ ಸೀಮೆಯವರಿಗೆ ಮಾತ್ರ ಯಾತ್ರೆಯೆಂದರೆ ಹಳೆ ಗೋವೆ. ಸಂತ ಫ್ರಾನ್ಸಿಸ್ ಝೇವಿಯರರು 1506ರಲ್ಲಿ ನವಾರ್ ಎಂಬ ಸೀಮೆಯಲ್ಲಿ ಹುಟ್ಟಿ, 1542ರಲ್ಲಿ ಗೋವೆಗೆ ಬಂದವರು. ಕೈಯಲ್ಲಿ ಗಂಟೆ ಹಿಡಿದು ಓಣಿ ಓಣಿ ತಿರುಗಿ ಮಕ್ಕಳನ್ನು ಪಾಠಕ್ಕೆ ಕರೆಯುತ್ತಿದ್ದರೆಂದು ಅವರ ವಿಷಯದಲ್ಲಿ ಹೇಳುತ್ತಾರೆ. 1552ರ ಡಿಸೆಂಬರ 3ರಂದು ಚೀನದ ದಂಡೆಯ ಸಮೀಪದ ಶಾಂಗ್‌ಚುವಾನ್ ನಡುಗಡ್ಡೆಯಲ್ಲಿ ತೀರಿಕೊಂಡರು. ಅವರ ದೇಹವನ್ನು ಮಲಾಕ್ಕಾಕ್ಕೆ ತಂದು, ಅಲ್ಲಿಂದ 1554ರಲ್ಲಿ ಗೋವೆಗೆ ತಂದರು. ಅದು ಈಗ ಬೋಂ ಜೆಸು ಬಸಿಲಿಕಾದಲ್ಲಿ ಎತ್ತರದ ಸಮಾಧಿಪೀಠದ ಮೇಲೆ ಬೆಳ್ಳಿಯ ಪೆಟ್ಟಿಗೆಯಲ್ಲಿದೆ. ಹತ್ತು ವರುಷಕ್ಕೊಮ್ಮೆ ಅದನ್ನು ಕೆಳಗಿಳಿಸಿ ಎದುರಿನ ಸೇ ಕೆಥೆಡ್ರಲ್‌ನಲ್ಲಿ ಜನರ ದರ್ಶನಕ್ಕೆ ಇಡುತ್ತಾರೆ. ಕಳೆದ ಸಲದ ದರ್ಶನ 2024ರ ನವೆಂಬರ 21ರಿಂದ 2025ರ ಜನವರಿ 5ರ ವರೆಗೆ ಆಯಿತು. ದರ್ಶನವಿರಲಿ ಬಿಡಲಿ, ಪ್ರತಿ ವರುಷ ನವೆಂಬರ 24ರಿಂದ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ನಡೆದು, ಡಿಸೆಂಬರ 3ಕ್ಕೆ ಹಬ್ಬ. ಆ ದಿನಗಳಲ್ಲಿ ಬೆಳಗಾವಿ, ಖಾನಾಪುರ, ಕಾರವಾರ, ಸಾವಂತವಾಡಿಗಳ ಕಡೆಯಿಂದ ಗುಂಪು ಗುಂಪಾಗಿ ಜನ ನಡೆದು ಬರುತ್ತಾರೆ.

ಇನ್ನು ಎರಡನೆಯ ಪ್ರಶ್ನೆ. ಹೋದವರಿಗೆ ಏನು ಸಿಗುತ್ತದೆ?

ಹೆಚ್ಚಿನವರು ಹೋಗುವದು ಹರಕೆಗೆ. ಮಗಳಿಗೆ ಮದುವೆ, ಮಗನಿಗೆ ನೌಕರಿ, ಹೆಂಡತಿಗೆ ಆಪರೇಶನ್ ಸುಸೂತ್ರ. ಇದರಲ್ಲಿ ನಗುವಂಥದು ಏನೂ ಇಲ್ಲ. ಕಷ್ಟದಲ್ಲಿದ್ದವನು ಕೇಳದೆ ಇನ್ನಾರು ಕೇಳಬೇಕು? ಆದರೆ ಬೇಡಿದ್ದು ಸಿಗುವದೇ ಯಾತ್ರೆಯ ಫಲವೆಂದರೆ ಬಹಳ ಜನರಿಗೆ ಫಲವೇ ಇಲ್ಲವೆಂದು ಹೇಳಬೇಕಾದೀತು. ಫ್ರಾನ್ಸದ ಲೂರ್ದಿನಲ್ಲಿ 1858ರಿಂದ ಈ ವರೆಗೆ ಕೋಟಿಗಟ್ಟಲೆ ಜನ ಹೋಗಿಬಂದರೂ, ಸಭೆಯವರು ವಿಚಾರಣೆ ಮಾಡಿ ಅದ್ಭುತವೆಂದು ಒಪ್ಪಿದ ರೋಗನಿವಾರಣೆಗಳು ಎಪ್ಪತ್ತಕ್ಕೆ ತುಸು ಮೇಲೆ, ಅಷ್ಟೇ. ಉಳಿದವರು ಅದೇ ರೋಗ ಹೊತ್ತುಕೊಂಡು ಮನೆಗೆ ಬಂದರು. ಆದರೂ ಮರಳಿ ಹೋಗುತ್ತಾರೆ. ಏಕೆಂಬದೇ ವಿಚಾರ ಮಾಡತಕ್ಕ ವಿಷಯ.

ಯಾತ್ರೆಯನ್ನು ನಂಬದ ಭಕ್ತರೂ ನಮ್ಮಲ್ಲಿ ಇದ್ದಾರೆ. ಹದಿನೈದನೆಯ ಶತಮಾನದ ಥಾಮಸ್ ಆ ಕೆಂಪಿಸ್ ಎಂಬ ಸನ್ಯಾಸಿಗಳು, ಬಹಳ ಯಾತ್ರೆ ಮಾಡುವವರು ಪವಿತ್ರರಾಗುವದು ಅಪರೂಪವೆಂಬ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಬರೆದಿಟ್ಟಿದ್ದಾರೆ. ನಮ್ಮ ಶರಣರೂ ದಾಸರೂ ಇದೇ ಮಾತನ್ನು ಇನ್ನೂ ಖಾರವಾಗಿ ಹೇಳಿದವರಾದುದರಿಂದ ಕನ್ನಡ ಓದುಗರಿಗೆ ಇದು ಹೊಸದಲ್ಲ. 2001ರಲ್ಲಿ ರೋಮಿನ ಸಭಾಧಿಕಾರಿಗಳು ಜನಸಾಮಾನ್ಯರ ಭಕ್ತಿಯ ರೂಢಿಗಳನ್ನು ಕುರಿತು ಒಂದು ಕೈಪಿಡಿ ಹೊರಡಿಸಿದರು. ಅದು ಯಾತ್ರೆಯನ್ನು ಹೊಗಳುತ್ತದೆ, ಆದರೆ ಅದರಲ್ಲಿ ಪಶ್ಚಾತ್ತಾಪವೂ ಸಹವಾಸವೂ ಇರಬೇಕೆನ್ನುತ್ತದೆ. ತಮ್ಮ ಧರ್ಮಕೇಂದ್ರದ ದೇವಾಲಯದಲ್ಲಿ ಪ್ರಾರ್ಥಿಸಿ ಹೊರಡುವದು ಒಳ್ಳೆಯದೆಂದೂ, ಊರಿಗೆ ಬಂದ ಮೇಲೆ ಬಾಳುವ ರೀತಿಗಾಗಿ ದೇವರ ನೆರವು ಕೇಳಿ ಮುಗಿಸಬೇಕೆಂದೂ ತಿಳಿಸುತ್ತದೆ. ಅಂದರೆ ಯಾತ್ರೆಯ ಪರೀಕ್ಷೆ ಗೋವೆಯಲ್ಲಿ ಅಲ್ಲ, ಪುಣೆಯ ಚಾಳಿನಲ್ಲಿ ಎಂದಾಯಿತು. ನಮಗೆ ಇದು ಒಪ್ಪಿಗೆ. ಆದರೆ ಹೇಳಿದಷ್ಟು ಸುಲಭವಲ್ಲವೆಂಬದನ್ನು ನಾವು 2024ರಲ್ಲಿ ಕಂಡೆವು.

ಆ ವರುಷ ನಮ್ಮ ಗುಂಪಿನಲ್ಲಿ ಹದಿನಾರು ಜನ: ಗಿರಣಿಯವರು, ಆಫೀಸು ಗುಮಾಸ್ತರು, ಇಬ್ಬರು ನರ್ಸುಗಳು, ಒಬ್ಬ ನಿವೃತ್ತ ಡ್ರಾಯವ್ಹರರು. ಸಾಲ ಮಾಡಿ ಯಾರೂ ಬರತಕ್ಕದ್ದಲ್ಲವೆಂಬದು ಮೊದಲನೆಯ ನಿಯಮ. ಜೂನದಿಂದ ತಿಂಗಳಿಗೆ ಇನ್ನೂರು ರೂಪಾಯಿಯಂತೆ ಕೂಡಿಸಿದೆವು. ಲೆಕ್ಕ ನಮ್ಮ ಕೈಯಲ್ಲಿ. ತಿಂಗಳ ಮೊದಲ ರವಿವಾರ ಸೇರಿ ಶುಭವಾರ್ತೆಯ ಒಂದು ಅಧ್ಯಾಯ ಓದುವದು, ಆಮೇಲೆ ಐದು ಕಿಲೋಮೀಟರು ನಡೆಯುವದು. ಓದಿಗೆ ಒಂಬತ್ತು ಜನ ಬಂದರೆ ನಡಿಗೆಗೆ ನಾಲ್ಕು ಜನ ಬರುತ್ತಿದ್ದರು. ಇದರ ಪರಿಣಾಮವನ್ನು ಮುಂದೆ ಕಾಲುಗಳೇ ಅನುಭವಿಸಿದವು.

ಈಗ ಸ್ವಂತದ ಒಂದು ಸಂಗತಿ ಹೇಳಬೇಕಾಗಿದೆ. ಗುಂಪಿನಲ್ಲಿ ನಮ್ಮ ಖಾತೆಯವರೇ ಆದ ಒಬ್ಬರಿದ್ದರು. ಮೂರು ವರುಷದ ಹಿಂದೆ ಅವರು ಒಂದು ಪತಪೇಢಿಯಿಂದ ಸಾಲ ತೆಗೆದಾಗ ನಾವು ಜಾಮೀನು ನಿಂತಿದ್ದೆವು. ಅವರು ಕಂತು ಕಟ್ಟಲಿಲ್ಲ. ಹದಿನಾಲ್ಕು ತಿಂಗಳು ನಮ್ಮ ಸಂಬಳದಲ್ಲಿ ಕಡಿತವಾಯಿತು. ಆ ವರುಷ ಮಗಳ ಟ್ಯೂಶನ್ ಬಿಡಿಸಬೇಕಾಯಿತು. ಅಂದಿನಿಂದ ಅವರ ಹತ್ತಿರ ನಾವು ಮಾತು ಬಿಟ್ಟಿದ್ದೆವು. ಯಾದಿಯಲ್ಲಿ ಅವರ ಹೆಸರು ಕಂಡಾಗ ನಮ್ಮ ಹೆಸರನ್ನು ಹೊಡೆದು ಹಾಕಬೇಕೆಂದಿದ್ದೆವು. ಹಣ ಕೂಡಿಸುವವರೇ ನಾವಾದುದರಿಂದ ಹಾಗೆ ಮಾಡಲಾಗಲಿಲ್ಲ. ಧರ್ಮಬುದ್ಧಿಯಿಂದ ಅಲ್ಲ, ನಾಚಿಕೆಯಿಂದ ಹೊರಟೆವೆಂದು ಒಪ್ಪಿಕೊಳ್ಳುತ್ತೇವೆ.

ಮೀರಜದ ಮೇಲೆ ರೈಲಿನಿಂದ ಬೆಳಗಾವಿಗೆ ಹೋಗಿ, ನವೆಂಬರ 28ರ ನಸುಕಿನಲ್ಲಿ ನಡಿಗೆ ಆರಂಭಿಸಿದೆವು. ಸುಮಾರು ನೂರು ಕಿಲೋಮೀಟರು, ನಾಲ್ಕು ದಿನ. ಮೊದಲ ದಿನ ಜಾಂಬೋಟಿಯ ವರೆಗೆ ಹಾಡು, ಜಪಮಾಲೆ, ನಗು. ಗುಂಪಿನ ಗುಣ ತಿಳಿಯುವದು ಎರಡನೆಯ ದಿನ. ಮುಂದಿನವರು ನಿಲ್ಲಲೊಲ್ಲರು, ಹಿಂದಿನವರು ಏಳಲೊಲ್ಲರು. ಮಧ್ಯಾಹ್ನ ಒಂದು ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿ, ಕಾಗದದ ತಾಟುಗಳನ್ನು ಅಲ್ಲಿಯೇ ಬಿಟ್ಟು ಎದ್ದೆವು. ಹೊಲದ ಹೆಣ್ಣುಮಗಳು ಬಂದು, "ದೇವರಿಗೆ ಹೊಂಟೀರಿ, ನಮ್ಮ ಹೊಲಾ ತಿಪ್ಪಿ ಮಾಡಿ ಹೊಂಟೀರಲ್ಲ!" ಎಂದಳು. ನಮ್ಮ ಡ್ರಾಯವ್ಹರ ಕಾಕಾ ಒಂದು ಮಾತೂ ಆಡದೆ ಬಗ್ಗಿ ತಾಟು ಆರಿಸತೊಡಗಿದರು. ಆಮೇಲೆ ಎಲ್ಲರೂ ಆರಿಸಿದೆವು. ಆ ದಿನದ ಪ್ರಬೋಧನೆ ನಮಗೆ ಸಿಕ್ಕಿದ್ದು ಆ ತಾಯಿಯಿಂದಲೇ.

ರಾತ್ರಿ ಕಣಕುಂಬಿಯ ಹತ್ತಿರ ತಂಗಿದೆವು. ಮಲಪ್ರಭೆ ಹುಟ್ಟುವ ಊರು ಅದು; ಸವದತ್ತಿಯ ಮಗ್ಗುಲಿನಿಂದ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊಳೆ. ಎಲ್ಲಮ್ಮನ ಭಕ್ತರಿಗೂ ಬಸವಣ್ಣನವರ ಭಕ್ತರಿಗೂ ಬೇಕಾದ ನೀರಿನ ಮೂಲದಲ್ಲಿ ಕೂತು ನಾವು ಬೊಬ್ಬೆಗಳಿಗೆ ಎಣ್ಣೆ ಹಚ್ಚಿಕೊಂಡೆವು.

ಮೂರನೆಯ ದಿನ ಚೋರ್ಲಾ ಘಟ್ಟದ ಇಳಿಜಾರು. ಏರುವದಕ್ಕಿಂತ ಇಳಿಯುವದೇ ಮೊಣಕಾಲಿಗೆ ಕಠಿಣವೆಂದು ಪುಸ್ತಕದಲ್ಲಿ ಓದಿದ್ದರೆ ನಂಬುತ್ತಿರಲಿಲ್ಲ. ಹೊಸ ಬೂಟು ಹಾಕಿಕೊಂಡು ಬಂದಿದ್ದ ನಮ್ಮ ಎರಡೂ ಹಿಮ್ಮಡಿ ಸುಲಿದಿದ್ದವು. ಒಂದು ತಿರುವಿನಲ್ಲಿ ಕುಳಿತುಬಿಟ್ಟೆವು. ಗುಂಪು ಮುಂದೆ ಹೋಯಿತು. ಹಿಂದಿನಿಂದ ಬಂದವರು ಅವರೇ. ಕೇಳದೆ ಕೂತು, ತಮ್ಮ ಚೀಲದಿಂದ ಹಳೆಯ ಚಪ್ಪಲಿ ತೆಗೆದು ನಮ್ಮ ಮುಂದೆ ಇಟ್ಟರು. "ಹಾಕ್ಕೋರಿ. ನಾ ಬೂಟಿನ್ಯಾಗ ನಡೀತೇನಿ" ಎಂದರು. ತುಸು ಹೊತ್ತಿನ ಮೇಲೆ, ರಸ್ತೆಯ ಕಡೆಗೇ ನೋಡುತ್ತ, "ನಿಮ್ಮ ಪಗಾರ ಕಟ್ಟಾದ ದಿನಾ ಎಲ್ಲಾ ನನಗ ಗೊತ್ತಿರತಿತ್ತರಿ. ಆ ದಿನಾ ನಾ ಬ್ಯಾರೆ ಬಾಗಲದಿಂದ ಹೊರಗ ಹೋಗತಿದ್ದೆ" ಎಂದರು.

ನಾವು ಕ್ಷಮಿಸಿದೆವೆಂದು ಇಲ್ಲಿ ಬರೆದರೆ ಚೆಂದ ಕಾಣುತ್ತಿತ್ತು. ಆದರೆ ಹಾಗೆ ಆಗಲಿಲ್ಲ. ಸಿಟ್ಟು ಬಂದಿತು. ಗೊತ್ತಿದ್ದೂ ಸುಮ್ಮನಿದ್ದರಲ್ಲ ಎಂಬ ಸಿಟ್ಟು. ಮಗಳ ಟ್ಯೂಶನ್ನಿನ ಮಾತನ್ನು ಅಲ್ಲಿಯೇ, ಸ್ವಲ್ಪ ಜೋರಿನಿಂದಲೇ ಅಂದುಬಿಟ್ಟೆವು. ಅವರು ಅದನ್ನು ಮೊದಲ ಸಲ ಕೇಳಿದ್ದರು. ಆಮೇಲೆ ಇಬ್ಬರೂ ಮಾತಿಲ್ಲದೆ ಸಾಂಖಳಿಯ ವರೆಗೆ ನಡೆದೆವು. ಕಾಲಲ್ಲಿ ಅವರ ಚಪ್ಪಲಿ.

ಡಿಸೆಂಬರ 1ರ ಸಂಜೆ ಹಳೆ ಗೋವೆ ಮುಟ್ಟಿದೆವು. ದರ್ಶನದ ವರುಷವಾದುದರಿಂದ ಜನಸಾಗರ. ಮರುದಿನ ಸರದಿಯಲ್ಲಿ ನಿಂತು ಪೆಟ್ಟಿಗೆಯ ಮುಂದೆ ಸಿಕ್ಕಿದ್ದು ಕೆಲವು ಕ್ಷಣ ಮಾತ್ರ. ಬೇಡಬೇಕೆಂದಿದ್ದ ಅರ್ಧ ಮರೆತೇ ಹೋಯಿತು. ಅದಕ್ಕಿಂತ ಮುಖ್ಯವಾದದ್ದು ಪಾಪನಿವೇದನೆಯ ಸಾಲು. ನಾವು ಅವರ ಮೇಲಿನ ದ್ವೇಷವನ್ನು ಗುರುಗಳ ಮುಂದೆ ಹೇಳಿದಾಗ, ಸಾಲ ಬಿಟ್ಟುಬಿಡಿರೆಂದು ಅವರು ಹೇಳಲಿಲ್ಲ. ಸಾಲ ಬೇರೆ, ದ್ವೇಷ ಬೇರೆ. ಒಂದನ್ನು ವಸೂಲು ಮಾಡಿರಿ, ಇನ್ನೊಂದನ್ನು ಬಿಡಿರಿ ಎಂಬರ್ಥದ ಮಾತಾಡಿದರು. ಹದಿನೈದು ವರುಷ ಜಮಾ-ಖರ್ಚು ಬರೆದ ನಮಗೆ ಇವೆರಡು ಬೇರೆ ಬೇರೆ ಖಾತೆಗಳೆಂಬದು ಹೊಳೆದಿರಲಿಲ್ಲ.

ಒಬ್ಬನೇ ರೈಲಿನಲ್ಲಿ ಹೋಗಿ ಬಂದಿದ್ದರೆ ಇದು ಆಗುತ್ತಿತ್ತೇ? ನಮಗೆ ಅನಿಸುವಂತೆ, ಇಲ್ಲ. ಒಬ್ಬನೇ ಪ್ರಾರ್ಥಿಸುವಾಗ ಮನುಷ್ಯ ತನಗೆ ಸರಿಕಂಡ ಪಾಪಗಳನ್ನಷ್ಟೇ ನೆನೆಯುತ್ತಾನೆ. ಕೂಡಿ ನಡೆಯುವಾಗ ಉಳಿದವು ಪಕ್ಕದಲ್ಲಿಯೇ ನಡೆದುಬರುತ್ತವೆ. ಹೀಗೆಂದು ಎಲ್ಲ ಗುಂಪುಗಳೂ ಹೀಗೆ ಆಗುತ್ತವೆಂದಲ್ಲ. ಎರಡು ದಿನದಲ್ಲಿ ಏಳು ದೇವಾಲಯ, ಒಂದು ಬೀಚು, ಗೋಡಂಬಿಯ ಅಂಗಡಿ ಮುಗಿಸುವ ಬಸ್ಸಿನ ಯಾತ್ರೆಗಳನ್ನೂ ನಾವು ಮಾಡಿದ್ದೇವೆ. ಅವುಗಳಿಂದ ಗೋಡಂಬಿ ತಂದೆವು. ಇನ್ನು ನಡಿಗೆಯಲ್ಲಿಯೂ ಮೊಬೈಲಿನಲ್ಲಿ ಚಿತ್ರ ತೆಗೆಯುವದೇ ಕೆಲಸವಾದವರು ನಮ್ಮಲ್ಲಿ ಮೂವರಿದ್ದರು. ಅವರಿಗೂ ಏನಾದರೂ ಸಿಕ್ಕಿರಬಹುದು, ಅದನ್ನು ಅಳೆಯುವದು ನಮ್ಮ ಕೆಲಸವಲ್ಲ.

ಊರಿಗೆ ಬಂದ ಮೇಲಿನ ವಿಷಯ ಚಿಕ್ಕದು. ಜನವರಿಯ ಪಗಾರದ ದಿನ ಅವರು ನಮ್ಮ ಮೇಜಿನ ಹತ್ತಿರ ಬಂದು ಸಾವಿರ ರೂಪಾಯಿ ಇಟ್ಟರು. ನಾವು ಪಾವತಿ ಬರೆದು ಕೊಟ್ಟೆವು. ಅಂದಿನಿಂದ ಎರಡು ತಿಂಗಳು ತಪ್ಪಿದೆ, ಉಳಿದ ತಿಂಗಳು ಬಂದಿದೆ. ತಪ್ಪಿದ ತಿಂಗಳಲ್ಲಿ ಮುಂಚಿನ ಸಿಟ್ಟು ಮತ್ತೆ ತಲೆಯೆತ್ತಿದ್ದುಂಟು. ಆದರೆ ಬೇರೆ ಬಾಗಿಲಿನಿಂದ ಹೋಗುವದನ್ನು ಅವರೂ, ಮುಖ ತಿರುಗಿಸುವದನ್ನು ನಾವೂ ಬಿಟ್ಟಿದ್ದೇವೆ. ಮಗಳು ಮತ್ತೆ ಟ್ಯೂಶನ್ನಿಗೆ ಹೋಗುತ್ತಾಳೆ. ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೆ ಓದಿ ತೋರಿಸಿದೆವು. "ಹೆಸರ ಬ್ಯಾಡ. ಉಳಿದದ್ದೆಲ್ಲಾ ಖರೇನ ಐತಿ, ಹಾಕ್ರಿ" ಎಂದರು. ಚಪ್ಪಲಿಯನ್ನು ಮರಳಿ ಕೊಡಲು ಹೋದರೆ ಮಾತ್ರ ತೆಗೆದುಕೊಳ್ಳಲಿಲ್ಲ.

ಬರುವ ನವೆಂಬರದ ನಡಿಗೆಗೆ ಯಾವ ಮತದವರಾದರೂ ಬರಬಹುದು. ಈ ಸಲ ಪೆಟ್ಟಿಗೆ ಕೆಳಗಿಳಿಯುವದಿಲ್ಲ, ಜನದಟ್ಟಣೆಯೂ ಅಷ್ಟಿರಲಿಕ್ಕಿಲ್ಲ. ಇಷ್ಟವುಳ್ಳವರು ಗಣೇಶ ಚತುರ್ಥಿಯ ಒಳಗೆ ವಾಚನಾಲಯದ ಹಾಜರಿ ಪುಸ್ತಕದ ಕಡೆಯ ಪುಟದಲ್ಲಿ ಹೆಸರು ಬರೆಯಬೇಕು, ಮತ್ತು ತಿಂಗಳ ಮೊದಲ ರವಿವಾರದ ನಡಿಗೆಯನ್ನು ತಪ್ಪಿಸಬಾರದು. ಹೊಸ ಬೂಟು ಕೊಳ್ಳುವದಿದ್ದರೆ ಈಗಲೇ ಕೊಂಡು ಹಳೆಯದು ಮಾಡಿಕೊಳ್ಳಿರಿ.