ಕ್ಯಾನ್ ಹಾಕುವ ತಮ್ಮನಿಗೆ

ತಮ್ಮಾ, ಹೊಸ ಟಂಟಂ ತಗೊಂಡು ರಬಕವಿ-ಬನಹಟ್ಟಿ ಓಣಿಗಳಿಗೆ ನೀರಿನ ಕ್ಯಾನ್ ಹಾಕುತ್ತೀ ಅಂತ ಕೇಳಿದೆ. ಮಗ್ಗದ ಮನೆಯಲ್ಲಿ ಹುಟ್ಟಿದವ ನೀನು. ಸವಳು ನೀರಿನಲ್ಲಿ ನೂಲು ಬಣ್ಣ ಹಿಡಿಯುವುದಿಲ್ಲ ಅಂತ ನಮ್ಮ ಹಿರಿಯರು ಯಾವ ಮೀಟರೂ ಇಲ್ಲದೆ ಹೇಳುತ್ತಿದ್ದರು. ಕುಡಿಯುವ ನೀರು ಅಷ್ಟು ಸುಲಭಕ್ಕೆ ಗುಟ್ಟು ಬಿಡುವುದಿಲ್ಲ. ನೂಲು ಕೆಟ್ಟರೆ ಕಣ್ಣಿಗೆ ಬೀಳುತ್ತದೆ. ಹೊಟ್ಟೆ ಕೆಟ್ಟರೆ ಜನ ನಿನ್ನೆ ತಿಂದ ಮಿರ್ಚಿ ಭಜಿಯನ್ನು ಬೈಯುತ್ತಾರೆ, ಕ್ಯಾನನ್ನಲ್ಲ.

ಆ ಕಡೆ ಕೃಷ್ಣೆ, ಈ ಕಡೆ ಘಟಪ್ರಭೆ. 1989ರಲ್ಲಿ ಜಮಖಂಡಿ ಸೀಮೆಯ ರೈತರು ತಾವೇ ದುಡ್ಡು ಹಾಕಿ, ಮೈ ಬಗ್ಗಿಸಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿ ನೀರು ನಿಲ್ಲಿಸಿದರು. 2019ರಲ್ಲಿ ಅದೇ ಹೊಳೆಗಳು ಊರೊಳಗೆ ಬಂದವು. ಇಂಥ ನಾಡಿನಲ್ಲೂ ಕುಡಿಯುವ ನೀರನ್ನು ಕೊಂಡು ತರುವ ಕಾಲ ಬಂತಲ್ಲ ಅಂತ ನನಗೆ ಈಗಲೂ ಸಂಕಟ. ಇರಲಿ, ಅದು ನಿನ್ನ ತಪ್ಪಲ್ಲ.

ಗಿರಾಕಿಯ ಮುಂದೆ ಟಿಡಿಎಸ್ ಮೀಟರ್ ಅದ್ದಿ "ನೋಡ್ರಿ, ಎಂಬತ್ತೈತಿ" ಅಂತ ಹೇಳುವ ಚಾಳಿ ಕಲಿಯಬೇಡ. ಅದು ಕರಗಿದ ಲವಣವನ್ನು ಮಾತ್ರ ಅಳೆಯುತ್ತದೆ, ಹುಳ ಎಣಿಸುವುದಿಲ್ಲ. ನಮ್ಮ ಜಿಲ್ಲೆಯ ಹಲವು ಬೋರುಗಳಲ್ಲಿರುವ ಫ್ಲೋರೈಡ್ ಎಷ್ಟು ಅಂತಲೂ ಬೇರೆಯಾಗಿ ತೋರಿಸುವುದಿಲ್ಲ. ಕುದಿಸಿದರೆ ಹುಳ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಅದನ್ನು ತೆಗೆಯಲು ಆರ್‌ಓದಂಥ ಶುದ್ಧೀಕರಣ ಬೇಕು. ಪೊರೆ ಹಳತಾದ ಆರ್‌ಓ ಮಾತ್ರ ಬರೀ ಸದ್ದು ಮಾಡುವ ಯಂತ್ರ.

ನೀರು ತುಂಬಿಸುವವನ ಹತ್ತಿರ ಹೋದಾಗ ಮೊದಲು ಕಾಗದ ಕೇಳು. ಆಹಾರ ಪರವಾನಗಿಯ 14 ಅಂಕಿ ಎಲ್ಲಿ? ಐಎಸ್‌ಐ ಗುರುತಿದ್ದರೆ ಮೇಲೆ ಐಎಸ್ 14543, ಕೆಳಗೆ ಪರವಾನಗಿ ಸಂಖ್ಯೆ ಇದೆಯೇ? ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. 2024ರ ಅಕ್ಟೋಬರ್‌ನಲ್ಲಿ ಐಎಸ್‌ಐ ಕಡ್ಡಾಯ ಎಂಬುದನ್ನು ತೆಗೆದರು. ಮುಂದಿನ ತಿಂಗಳೇ ಬಾಟಲಿ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿದರು. 2025ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 255 ಬಾಟಲಿ ನೀರಿನ ಮಾದರಿ ಪರೀಕ್ಷಿಸಿದಾಗ ಸುರಕ್ಷಿತ ಅನ್ನಿಸಿಕೊಂಡದ್ದು 72 ಮಾತ್ರ. ಮೊಹರು ಹಾಕಿದ ಬಾಟಲಿಯ ಪಾಡೇ ಇದಾದರೆ, ಮದುವೆ ಮನೆಗೆ ಹೋಗುವ ಸೀಲ್ ಇಲ್ಲದ ತಂಪು ಜಾರಿನ ಪಾಡು ನೀನೇ ಯೋಚಿಸು.

ಮುಧೋಳದ ಕಡೆ ಒಂದು ನಿಶ್ಚಿತಾರ್ಥದಲ್ಲಿ ಅಂಥ ಜಾರ್ ಬಗ್ಗಿಸಿ ನೋಡಿದ್ದೆ. ನೀರು ಸ್ಫಟಿಕ, ತಳದ ಮೂಲೆಯಲ್ಲಿ ಹಸಿರು ಪಾಚಿ. ಬೀಗರ ಮನೆ, ಏನೂ ಅನ್ನಲಾಗಲಿಲ್ಲ. ಮೂರು ದಿನ ಅನುಭವಿಸಿದೆ.

ಅದಕ್ಕೇ ಅನ್ನುವುದು, ನೀರಿಗಿಂತ ಹೆಚ್ಚು ಕ್ಯಾನನ್ನು ನೋಡು ಅಂತ. ಖಾಲಿ ಕ್ಯಾನಿನಲ್ಲಿ ಕೆಲವರು ಸೀಮೆಎಣ್ಣೆ ಸುದ್ದಾ ಹಾಕಿಟ್ಟಿರುತ್ತಾರೆ, ಮೂಸಿ ನೋಡದೆ ನೀರು ತುಂಬಿಸಲು ಕಳಿಸಬೇಡ. ಗೀರು ಬಿದ್ದು ಮಸುಕಾದದ್ದನ್ನು ತೆಗೆದುಹಾಕು, ಗೀರಿನಲ್ಲಿ ಹುಳ ಮನೆ ಮಾಡುತ್ತದೆ. ಬಿಸಿಲಲ್ಲಿ ಗಾಡಿ ನಿಲ್ಲಿಸಿ ಚಹಾ ಅಂಗಡಿಯಲ್ಲಿ ಹರಟೆ ಹೊಡೆಯುವುದಾದರೆ ಮೇಲೊಂದು ತಾಡಪತ್ರಿ ಎಳೆ. ಕ್ಯಾನಿನ ಕೊರಳಿಗೆ ಬೆರಳು ತುರುಕಿ ಎತ್ತುವುದಂತೂ ಬೇಡವೇ ಬೇಡ.

ನಾಳೆ ಬರುವಾಗ ನಮ್ಮ ಮನೆಗೂ ಎರಡು ತಾ. ರೊಕ್ಕ ಕೊಡುವ ಮೊದಲು ಬುಡ ಮೇಲು ಮಾಡಿ ನೋಡುತ್ತೇನೆ, ಸಿಟ್ಟಾಗಬೇಡ.