ಗಾಂಜಾ, ಚರಸ್, ಹ್ಯಾಶ್ ಆಯಿಲ್, ವ್ಯಾಕ್ಸ್: ಎಲ್ಲಾ ಒಂದೇನಾ?

ಪ್ರಶ್ನೆ: ಪತ್ರಿಕೆಯಲ್ಲಿ ಒಂದು ದಿನ ಗಾಂಜಾ ಸಿಕ್ಕಿತು ಅಂತ ಬರುತ್ತದೆ, ಇನ್ನೊಂದು ದಿನ ಚರಸ್, ಮತ್ತೊಂದು ದಿನ ಹಶೀಶ್, ಹ್ಯಾಶ್ ಆಯಿಲ್, ಹೈಡ್ರೋ ಗಾಂಜಾ. ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗ ಫೋನಿನಲ್ಲಿ ಯಾರೊಂದಿಗೋ ‘ವ್ಯಾಕ್ಸ್’, ‘ಶ್ಯಾಟರ್’ ಎಂದು ಮಾತಾಡಿದ್ದು ಕಿವಿಗೆ ಬಿತ್ತು. ನಾವು ಚಿಕ್ಕವರಿದ್ದಾಗಿನಿಂದ ಮಠದಲ್ಲಿ, ಜಾತ್ರೆಯಲ್ಲಿ ಭಂಗಿ ಸೇದುವ ಸಾಧುಗಳನ್ನು ನೋಡುತ್ತ ಬಂದವರು. ಇವೆಲ್ಲ ಅದೇ ತಾನೆ? ಹೆಸರು ಮಾತ್ರ ಬೇರೆಯೋ?
— ನಿವೃತ್ತ ಶಿಕ್ಷಕರೊಬ್ಬರು, ಯಾದಗಿರಿ ಜಿಲ್ಲೆ

ಉತ್ತರ: ಗಿಡ ಒಂದೇ, ಮೇಷ್ಟ್ರೇ. ಆದರೆ ನೀವು ಜಾತ್ರೆಯಲ್ಲಿ ಕಂಡದ್ದು ಬೇರೆ, ಮೊಮ್ಮಗನ ಬಾಯಲ್ಲಿ ಕೇಳಿದ್ದು ಬೇರೆ. ಇವುಗಳ ನಡುವಿನ ದೂರ ಎಷ್ಟೆಂದು ತಿಳಿಯದೆ ಎಷ್ಟೋ ಮನೆಗಳಲ್ಲಿ ಹಿರಿಯರು ‘ಇದೇನು ಹೊಸದಲ್ಲ ಬಿಡಿ’ ಎಂದು ಸುಮ್ಮನಾಗುತ್ತಿದ್ದಾರೆ. ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಈ ಗಿಡದ ಅಮಲು ಇರುವುದು ಮುಖ್ಯವಾಗಿ ಹೆಣ್ಣು ಗಿಡದ ಹೂಗೊಂಚಲಿನಲ್ಲಿ. ಹೂವಿನ ಮೇಲೂ ಅದರ ಸುತ್ತಲಿನ ಪುಟ್ಟ ಎಲೆಗಳ ಮೇಲೂ ಬಹಳ ಸಣ್ಣ ರೋಮಗಳಿರುತ್ತವೆ. ಒಂದೊಂದರ ತುದಿಯಲ್ಲೂ ಒಂದು ಗ್ರಂಥಿ, ಅದರೊಳಗೆ ರಾಳ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಹತ್ತುವ ಮೇಣದಂತೆ ಇದೂ ಮುಟ್ಟಿದವರ ಕೈಗೆ ಅಂಟಿಕೊಳ್ಳುತ್ತದೆ. ಮತ್ತೇರಿಸುವ ವಸ್ತು ಈ ರಾಳದಲ್ಲಿದೆ. ಅದರ ಹೆಸರು ಟೆಟ್ರಾಹೈಡ್ರೋಕ್ಯಾನಬಿನಾಲ್, ಚಿಕ್ಕದಾಗಿ ಟಿಎಚ್‌ಸಿ. ಇದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು 1964ರಲ್ಲಿ ಗುರುತಿಸಿದವರು ಇಸ್ರೇಲಿನ ರಸಾಯನ ವಿಜ್ಞಾನಿಗಳಾದ ರಾಫೆಲ್ ಮೆಕೋಲಮ್ ಮತ್ತು ಯೆಹಿಯೇಲ್ ಗವೋನಿ. ಆ ಸಂಶೋಧನೆಗೆ ಬಳಕೆಯಾದದ್ದು ಪೊಲೀಸರು ವಶಪಡಿಸಿಕೊಂಡಿದ್ದ ಐದು ಕಿಲೋ ಲೆಬನಾನಿನ ಹಶೀಶ್. ಮೆಕೋಲಮ್ ಅದನ್ನು ಬಸ್ಸಿನಲ್ಲೇ ಪ್ರಯೋಗಾಲಯಕ್ಕೆ ತಂದರು.

ನೀವು ಪಟ್ಟಿ ಮಾಡಿದ ಹೆಸರುಗಳನ್ನು ಅರ್ಥ ಮಾಡಿಕೊಳ್ಳಲು ಎರಡು ಪ್ರಶ್ನೆ ಸಾಕು. ರಾಳವನ್ನು ಗಿಡದಿಂದ ಬೇರೆ ಮಾಡಿದ್ದಾರೋ ಇಲ್ಲವೋ? ಮಾಡಿದ್ದರೆ ಹೇಗೆ?

ಬೇರೆ ಮಾಡದೆ ಬಳಸುವುದು ಭಂಗಿ ಮತ್ತು ಗಾಂಜಾ. ಎಲೆ ಅರೆದು ಹಾಲಿನಲ್ಲೋ ಬೆಲ್ಲದಲ್ಲೋ ಕಲಸಿದರೆ ಭಂಗಿ. ಎಲೆಯಲ್ಲಿ ರಾಳ ಕಡಿಮೆ. ಹೂಗೊಂಚಲನ್ನು ಒಣಗಿಸಿದರೆ ಗಾಂಜಾ. ಸಾಧುಗಳ ಚಿಲುಮೆಯಲ್ಲಿ ನೀವು ಕಂಡದ್ದು ಬಹುಮಟ್ಟಿಗೆ ಇದೇ. ಹೈಡ್ರೋ ಗಾಂಜಾ ಕೂಡ ಹೂವೇ. ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರು ಮತ್ತು ಕೃತಕ ಬೆಳಕಿನಲ್ಲಿ, ರಾಳ ಹೆಚ್ಚು ಬರುವ ತಳಿಗಳನ್ನು ಆರಿಸಿ ಬೆಳೆದದ್ದು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಬ್ಯಾಂಕಾಕಿನಿಂದ ಬಂದವರ ಪೆಟ್ಟಿಗೆಗಳಲ್ಲಿ ಹಿಡಿದರೆಂದು ಸುದ್ದಿಯಾಗುವುದು ಹೆಚ್ಚಾಗಿ ಇದೇ.

ರಾಳವನ್ನು ಬೇರೆ ಮಾಡಿದ ಕೂಡಲೇ ಕಥೆ ಬದಲಾಗುತ್ತದೆ. ಹಿಮಾಚಲದ ಕುಲ್ಲು ಜಿಲ್ಲೆಯ ಮಲಾಣಾ ಮತ್ತು ಪಾರ್ವತಿ ಕಣಿವೆಯ ಹಳ್ಳಿಗಳಲ್ಲಿ, ನೇಪಾಳದಲ್ಲಿ, ಹಸಿ ಗೊಂಚಲನ್ನು ಅಂಗೈಗಳ ನಡುವೆ ಉಜ್ಜುತ್ತಾರೆ. ಕೈಗೆ ಹತ್ತಿದ ಕಪ್ಪು ಅಂಟನ್ನು ಕೆರೆದು ಉಂಡೆಯೋ ಬತ್ತಿಯೋ ಮಾಡಿದರೆ ಅದು ಚರಸ್. ದಿನವಿಡೀ ಉಜ್ಜಿದರೂ ಒಬ್ಬರಿಗೆ ಸಿಗುವುದು ಕೆಲವೇ ಗ್ರಾಂ. ಹೊರದೇಶದ ಪ್ರವಾಸಿಗರಿಂದಾಗಿ ‘ಮಲಾಣಾ ಕ್ರೀಮ್’ ಎಂಬ ಹೆಸರು ಜಗತ್ತೆಲ್ಲ ಹರಡಿತು. ಆ ಹೆಸರಿನಲ್ಲಿ ಹಣ ಮಾಡಿದವರು ಬಹುಪಾಲು ದಲ್ಲಾಳಿಗಳು. ಕೇಸು, ಬೆಳೆ ನಾಶ, ಕೆಟ್ಟ ಹೆಸರು ಉಳಿದದ್ದು ಊರಿನವರಿಗೆ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಮೊರಾಕೊ, ಲೆಬನಾನ್, ಅಫ್ಘಾನಿಸ್ತಾನಗಳ ಹಶೀಶ್‌ನ ದಾರಿ ಬೇರೆ. ಅಲ್ಲಿ ಗಿಡವನ್ನು ಮೊದಲು ಒಣಗಿಸಿ, ತೆಳುಬಟ್ಟೆಯ ಮೇಲೆ ಬಡಿದು ಜರಡಿ ಹಿಡಿಯುತ್ತಾರೆ. ಗ್ರಂಥಿಗಳು ಪುಡಿಯಾಗಿ ಕೆಳಗೆ ಬೀಳುತ್ತವೆ, ಆ ಪುಡಿಯನ್ನು ಒತ್ತಿ ಬಿಲ್ಲೆ ಮಾಡುತ್ತಾರೆ. ಮೊರಾಕೊದ ರಿಫ್ ಬೆಟ್ಟಗಳದ್ದು ಕಂದು ಬಣ್ಣ. ಲೆಬನಾನಿನ ಬೆಕಾ ಕಣಿವೆಯದ್ದು ಕೊಯ್ಲಿನ ಹೊತ್ತು ನೋಡಿಕೊಂಡು ಹಳದಿ ಇಲ್ಲವೇ ಕೆಂಪು. ಅಫ್ಘಾನಿಸ್ತಾನದಲ್ಲಿ ಪುಡಿಯನ್ನು ಕಾಯಿಸಿ ನಾದುವುದರಿಂದ ಅದು ಕಪ್ಪಾಗಿ ಮೆತ್ತಗಿರುತ್ತದೆ. ಐಸ್ ನೀರಿನಲ್ಲಿ ಗ್ರಂಥಿಗಳನ್ನು ಉದುರಿಸಿ ಸೋಸಿ ತೆಗೆದದ್ದು ‘ಬಬಲ್ ಹ್ಯಾಶ್’. ಅದು ಇತ್ತೀಚಿನ ದಶಕಗಳದ್ದು.

ಒಂದು ಹಳೆಯ ಸಂಗತಿ ಇಲ್ಲಿ ಬೇಕಾಗುತ್ತದೆ. ಬ್ರಿಟಿಷ್ ಸರ್ಕಾರ 1893–94ರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಿಸಿತು. ಸುಮಾರು 1,200 ಸಾಕ್ಷಿಗಳನ್ನು ಕೇಳಿದ ಆ ಆಯೋಗ, ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಪೂರ್ತಿ ನಿಷೇಧ ಬೇಕಿಲ್ಲ ಎಂದಿತು. ಆಗ ಪಂಜಾಬಿಗೆ ಚರಸ್ ಬರುತ್ತಿದ್ದುದು ಮಧ್ಯ ಏಷ್ಯಾದ ಯಾರ್ಕಂದದಿಂದ. ಕಾರಕೋರಂ ಕಣಿವೆದಾರಿ ದಾಟಿ, ಲೇಹ್ ಮಾರ್ಗವಾಗಿ ಹೋಶಿಯಾರ್‌ಪುರ ಸೇರುತ್ತಿತ್ತು. ಗಾಂಜಾ ನಿರಪಾಯಕಾರಿ ಎಂದು ವಾದಿಸುವವರು ಇಂದಿಗೂ ಈ ವರದಿಯನ್ನು ಎತ್ತಿ ತೋರಿಸುತ್ತಾರೆ. ವರದಿ ಪ್ರಾಮಾಣಿಕವಾದದ್ದು, ನನಗೆ ಅದರ ಮೇಲೆ ಗೌರವವಿದೆ. ಆದರೆ ಆಯೋಗದವರ ಕಣ್ಣ ಮುಂದೆ ಇದ್ದದ್ದು ಭಂಗಿ, ಗಾಂಜಾ ಮತ್ತು ಕೈಯಲ್ಲೋ ಜರಡಿಯಲ್ಲೋ ತೆಗೆದ ಚರಸ್ ಮಾತ್ರ. ನಿಮ್ಮ ಮೊಮ್ಮಗ ಹೆಸರಿಸಿದ ಸರಕು ಆಗ ಲೋಕದಲ್ಲೇ ಇರಲಿಲ್ಲ.

ಆ ಸರಕು ಯಾವುದೆಂದರೆ, ದ್ರಾವಕದಲ್ಲಿ ರಾಳವನ್ನು ಕರಗಿಸಿ ತೆಗೆದ ಸಾಂದ್ರ ರೂಪಗಳು. ಬ್ಯೂಟೇನ್, ಆಲ್ಕೋಹಾಲ್, ಅಧಿಕ ಒತ್ತಡದ ಇಂಗಾಲದ ಡೈಆಕ್ಸೈಡ್ ಇಂಥವುಗಳಿಂದ ಕಾರ್ಖಾನೆಯಲ್ಲಿ ತೆಗೆಯುತ್ತಾರೆ. ಗಾಜಿನಂತೆ ಗಟ್ಟಿಯಾಗಿ ಒಡೆಯುವುದು ಶ್ಯಾಟರ್, ಮೆತ್ತಗಿರುವುದು ವ್ಯಾಕ್ಸ್, ಇನ್ನೂ ಮೆತ್ತಗಿದ್ದರೆ ಬಡರ್, ಪುಡಿಪುಡಿಯಾದರೆ ಕ್ರಂಬಲ್. ಈ ನಾಲ್ಕು ಹೆಸರುಗಳೂ ಹೇಳುವುದು ರೂಪವನ್ನಷ್ಟೇ. ಕೊಯ್ದ ಗಿಡವನ್ನು ಒಣಗಿಸದೆ ಹೆಪ್ಪುಗಟ್ಟಿಸಿ ತೆಗೆದರೆ ಲೈವ್ ರೆಸಿನ್. ದ್ರಾವಕವಿಲ್ಲದೆ ಶಾಖ ಮತ್ತು ಒತ್ತಡದಿಂದ ಹಿಂಡಿದ್ದು ರೋಸಿನ್. ಬಟ್ಟಿ ಇಳಿಸಿದ್ದು ಡಿಸ್ಟಿಲೇಟ್. ಇ-ಸಿಗರೇಟಿನಂಥ ವೇಪ್ ಕಾರ್ಟ್ರಿಜ್‌ಗಳಲ್ಲಿ ತುಂಬುವುದು ಹೆಚ್ಚಾಗಿ ಇದನ್ನೇ. ಅಮೆರಿಕದ ಹಲವು ರಾಜ್ಯಗಳಲ್ಲಿ ಮತ್ತು ಕೆನಡಾದಲ್ಲಿ ಇವು ಪರವಾನಗಿಯ ಅಂಗಡಿಗಳಲ್ಲಿ, ಪ್ರಮಾಣ ಮುದ್ರಿಸಿದ ಡಬ್ಬಿಯಲ್ಲಿ ಮಾರಾಟಕ್ಕಿವೆ. ನಮ್ಮಲ್ಲಿ ಕಾಣುವ ಹ್ಯಾಶ್ ಆಯಿಲ್ ಇದೇ ಜಾತಿಯದ್ದು, ಆದರೆ ಒರಟು. ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಲ್ಲಿ ಗಾಂಜಾದಿಂದ ತೆಗೆದ ಕಪ್ಪು ಎಣ್ಣೆ ಪುಟ್ಟ ಸೀಸೆಗಳಲ್ಲಿ ಹೈದರಾಬಾದಿಗೂ ಬೆಂಗಳೂರಿಗೂ ಬರುತ್ತದೆ. ಯಾವ ದ್ರಾವಕ ಬಳಸಿದರು, ಅದರಲ್ಲಿ ಎಷ್ಟು ಉಳಿಯಿತು ಎಂದು ಕೊಳ್ಳುವವನಿಗೆ ಹೇಳುವವರಿಲ್ಲ.

ಈಗ ಅಂಕಿಗಳನ್ನು ನೋಡೋಣ. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದಲ್ಲಿ ಟಿಎಚ್‌ಸಿ 1995ರಲ್ಲಿ ಸರಾಸರಿ ಶೇ 4ರಷ್ಟಿತ್ತು, 2014ಕ್ಕೆ ಶೇ 12ರಷ್ಟಾಯಿತು. ಯೂರೋಪಿನಲ್ಲಿ ಸಿಗುವ ಹಶೀಶ್‌ನಲ್ಲಿ ಈಗ ಶೇ 20ಕ್ಕೂ ಮೇಲೆ. ಸಾಂದ್ರ ರೂಪಗಳಲ್ಲಿ ಶೇ 60ರಿಂದ 90. ಲೆಕ್ಕ ಹಾಕಿ: ಶೇ 5ರ ಗಾಂಜಾ ಒಂದು ಗ್ರಾಂ ಎಂದರೆ 50 ಮಿಲಿಗ್ರಾಂ ಟಿಎಚ್‌ಸಿ. ಶೇ 80ರ ವ್ಯಾಕ್ಸ್ ಒಂದು ಗ್ರಾಮಿನ ಹತ್ತನೇ ಒಂದು ಭಾಗವಿದ್ದರೂ 80 ಮಿಲಿಗ್ರಾಂ. ಇದನ್ನು ಕಾದ ಲೋಹದ ಮೇಲಿಟ್ಟು ಒಂದೇ ಉಸಿರಿಗೆ ಎಳೆಯುತ್ತಾರೆ. ಅದಕ್ಕೆ ಡ್ಯಾಬ್ ಎನ್ನುತ್ತಾರೆ. ಚಿಲುಮೆ ನಾಲ್ಕು ಜನರ ನಡುವೆ ಸುತ್ತು ಬಂದು ಮುಗಿಯುವಷ್ಟು ಮತ್ತನ್ನು ಹದಿನೆಂಟರ ಹುಡುಗ ಒಬ್ಬನೇ ಒಂದು ಕ್ಷಣದಲ್ಲಿ ತೆಗೆದುಕೊಳ್ಳುತ್ತಾನೆ.

ಇದರ ಫಲ ಮನಸ್ಸಿನ ಮೇಲೆ ಕಾಣುತ್ತದೆ. ಯೂರೋಪಿನ ಹಲವು ಊರುಗಳಲ್ಲಿ ಮತ್ತು ಬ್ರೆಜಿಲ್‌ನಲ್ಲಿ ನಡೆದು 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟಿಎಚ್‌ಸಿ ಶೇ 10 ಮತ್ತು ಅದಕ್ಕೂ ಮೇಲಿರುವ ಸರಕನ್ನು ದಿನವೂ ಬಳಸುವವರಲ್ಲಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮಾನಸಿಕ ಕಾಯಿಲೆ) ಸಾಧ್ಯತೆ, ಎಂದೂ ಬಳಸದವರಿಗಿಂತ ಸುಮಾರು ಐದು ಪಟ್ಟು ಕಂಡುಬಂತು. ಆ ಅಧ್ಯಯನದಲ್ಲಿ ‘ಹೆಚ್ಚು’ ಎಂದು ಕರೆದ ಗೆರೆ ಶೇ 10. ವ್ಯಾಕ್ಸ್ ಇರುವುದು ಆ ಗೆರೆಯ ಆರರಿಂದ ಒಂಬತ್ತು ಪಟ್ಟಿನಲ್ಲಿ. ಬಳಸಿದವರೆಲ್ಲ ಹುಚ್ಚರಾಗುತ್ತಾರೆ ಎಂದು ನಾನು ಹೆದರಿಸುತ್ತಿಲ್ಲ, ಹೆಚ್ಚಿನವರು ಆಗುವುದಿಲ್ಲ. ಆದರೆ ಚಿಕ್ಕ ವಯಸ್ಸು, ದಿನನಿತ್ಯದ ಬಳಕೆ, ಮನೆತನದಲ್ಲಿ ಮಾನಸಿಕ ಕಾಯಿಲೆ ಇವು ಕೂಡಿದಲ್ಲಿ ಅಪಾಯ ನಿಜವಾದದ್ದು. ಕಲಬೆರಕೆಯದ್ದು ಇನ್ನೊಂದು ಅಪಾಯ. 2019–20ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದು ಶ್ವಾಸಕೋಶ ಕೆಟ್ಟು 2,807 ಜನ ಆಸ್ಪತ್ರೆ ಸೇರಿದರು, 68 ಜನ ಸತ್ತರು. ಹೆಚ್ಚಾಗಿ ಟಿಎಚ್‌ಸಿ ಕಾರ್ಟ್ರಿಜ್‌ಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅದಕ್ಕೆ ಮುಖ್ಯ ಕಾರಣವೆಂದು ತಿಳಿಯಿತು. ದ್ರಾವಕದಿಂದ ಮನೆಯಲ್ಲೇ ತೆಗೆಯಲು ಹೋಗಿ ಬ್ಯೂಟೇನ್ ಹೊತ್ತಿಕೊಂಡು ಸುಟ್ಟುಕೊಂಡವರು ಅಲ್ಲಿ ಬಹಳ ಮಂದಿ.

ಇನ್ನು ಕಾನೂನು. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಹೂಗೊಂಚಲು. ಗೊಂಚಲಿಲ್ಲದ ಎಲೆ ಮತ್ತು ಬೀಜ ಅದರಿಂದ ಹೊರಗೆ. ಭಂಗಿಗೆ ಅವಕಾಶ ಉಳಿದದ್ದು ಹೀಗೆ, ಅದರ ಮೇಲಿನ ಹತೋಟಿ ರಾಜ್ಯಗಳದ್ದು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಒಂದು ಜಾಮೀನು ಆದೇಶದಲ್ಲಿ, ಭಂಗಿಯನ್ನು ಗಾಂಜಾ ಅಥವಾ ಚರಸ್‌ನಿಂದ ಮಾಡಿದ್ದೆಂದು ತೋರಿಸುವ ಆಧಾರವಿಲ್ಲ ಎಂಬುದನ್ನು ಗಣನೆಗೆ ತೆಗೆದುಕೊಂಡಿತು. ಚರಸ್ ಎಂದರೆ ಬೇರ್ಪಡಿಸಿದ ರಾಳ, ಯಾವ ರೂಪದಲ್ಲಿದ್ದರೂ ಸರಿ. ಹ್ಯಾಶ್ ಆಯಿಲ್ ಹೆಸರು ಹಿಡಿದೇ ಅದರೊಳಗೆ ಸೇರಿದೆ. ಹುಡುಗರಿಗೆ ಗೊತ್ತಿಲ್ಲದಿರುವುದು ತೂಕದ ವ್ಯತ್ಯಾಸ. ಗಾಂಜಾದಲ್ಲಿ ‘ಅಲ್ಪ ಪ್ರಮಾಣ’ ಒಂದು ಕಿಲೋವರೆಗೆ, ವಾಣಿಜ್ಯ ಪ್ರಮಾಣ 20 ಕಿಲೋ. ಚರಸ್‌ನಲ್ಲಿ ಅಲ್ಪ ಎಂದರೆ 100 ಗ್ರಾಂ, ವಾಣಿಜ್ಯ ಒಂದೇ ಕಿಲೋ. ಅಲ್ಪಕ್ಕೆ ಒಂದು ವರ್ಷದವರೆಗೆ ಜೈಲು. ನಡುವಿನದಕ್ಕೆ ಹತ್ತು ವರ್ಷದವರೆಗೆ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠವೇ ಹತ್ತು ವರ್ಷ, ಗರಿಷ್ಠ ಇಪ್ಪತ್ತು. 2020ರ ಹೀರಾ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಾದಕ ವಸ್ತುವಿಗೆ ಬೇರೇನನ್ನೋ ಬೆರೆಸಿದ್ದರೆ ಮಿಶ್ರಣದ ಒಟ್ಟು ತೂಕವನ್ನೇ ಹಿಡಿಯಬೇಕು ಎಂದಿದೆ. ಗೆಳೆಯನಿಗಾಗಿ ಒಂದು ಪೊಟ್ಟಣ ಇಟ್ಟುಕೊಂಡ ವಿದ್ಯಾರ್ಥಿಗೆ ಈ ಲೆಕ್ಕವನ್ನು ಯಾರೂ ಹೇಳಿರುವುದಿಲ್ಲ.

ನಿಮ್ಮ ಭಾಗದ ತಿಂಥಣಿ ಮೌನೇಶ್ವರನ ಪರಂಪರೆಯಲ್ಲಿ ಈ ಗಿಡಕ್ಕಿರುವ ಸ್ಥಾನ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿ ಬಳಕೆಗೆ ಕಾಲವಿದೆ, ಗುರುವಿದ್ದಾನೆ, ಸುತ್ತ ಜನವಿದ್ದಾರೆ. ಆ ಆಚರಣೆಯನ್ನು ನಾನು ಹಳಿಯುವುದಿಲ್ಲ. ವ್ಯಾಕ್ಸ್‌ಗೆ ಅದನ್ನು ಸಮರ್ಥನೆಯಾಗಿ ಬಳಸುವುದನ್ನು ಮಾತ್ರ ಒಪ್ಪುವುದಿಲ್ಲ.

ಮೊಮ್ಮಗ ಆ ಮಾತಾಡಿದ ಎಂದ ಮಾತ್ರಕ್ಕೆ ಬಳಸುತ್ತಾನೆ ಎಂದಲ್ಲ. ಈ ಹೆಸರುಗಳು ಹಾಡು, ಸಿನಿಮಾಗಳಲ್ಲೂ ಬರುತ್ತವೆ. ರಜೆಗೆ ಬಂದಾಗ ಗದರದೆ ಕೇಳಿ, ಮೇಲಿನ ತೂಕದ ಲೆಕ್ಕವನ್ನೂ ಹೇಳಿ. ಬಳಸುತ್ತಿದ್ದರೆ, ಬಿಡಲಾಗುತ್ತಿಲ್ಲ ಎಂದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಕೇಸಿನ ಭಯದಿಂದ ಚಿಕಿತ್ಸೆಗೆ ಹಿಂಜರಿಯಬೇಡಿ: ಬಳಕೆಯ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದು ಅದನ್ನು ಪೂರ್ತಿ ಮಾಡಿದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವನನ್ನು ಮೊಕದ್ದಮೆಯಿಂದ ಕಾಪಾಡುತ್ತದೆ.